ಬಣ್ಣವೂ ಗಾತ್ರವೂ: ಪುಟ್ಟ ಮಕ್ಕಳಿಗೆ ವಿಂಗಡಣೆಯ ಪಾಠ

ಕೆಂಪು ಬಳೆಗಳನ್ನು ಒಂದೆಡೆ, ಹಸಿರು ಬಳೆಗಳನ್ನು ಇನ್ನೊಂದೆಡೆ ಇಡುವಂತೆ ಹೇಳಿದರೆ 3 ವರ್ಷದ ಮಗು ಉತ್ಸಾಹದಿಂದ ಇಡುತ್ತದೆ. ಅವೇ ಬಳೆಗಳನ್ನು ದೊಡ್ಡವು, ಚಿಕ್ಕವು ಎಂದು ಬೇರ್ಪಡಿಸಲು ಹೇಳಿದಾಗ ಮತ್ತೆ ಬಣ್ಣದಂತೆಯೇ ಜೋಡಿಸತೊಡಗುತ್ತದೆ. ಹೇಳಿದ್ದು ತಲೆಗೆ ಹೋಗುವುದಿಲ್ಲವೆಂದು ಹಿರಿಯರು ಗದರುವುದು ಇಲ್ಲಿಯೇ. ವಾಸ್ತವವಾಗಿ ಈ ತಪ್ಪು ದಡ್ಡತನದ ಲಕ್ಷಣವಲ್ಲ. ಆ ವಯಸ್ಸಿಗೆ ಸಹಜವಾದುದು.

ಮನೋವಿಜ್ಞಾನಿ ಫಿಲಿಪ್ ಜೆಲಾಜೊ ಮತ್ತು ಸಂಗಡಿಗರು 1990ರ ದಶಕದಲ್ಲಿ ಚಿತ್ರಗಳ ಕಾರ್ಡುಗಳಿಂದ ಇದನ್ನು ಪರೀಕ್ಷಿಸಿದರು. ಬಣ್ಣದ ನಿಯಮವನ್ನು ಬಿಟ್ಟು ಆಕಾರದಂತೆ ವಿಂಗಡಿಸಲು ಹೇಳಿದಾಗ 3 ವರ್ಷದ ಮಕ್ಕಳಲ್ಲಿ ಹೆಚ್ಚಿನವರು ಹಳೆಯ ನಿಯಮಕ್ಕೇ ಅಂಟಿಕೊಂಡರು. ಹೊಸ ನಿಯಮವೇನೆಂದು ಕೇಳಿದರೆ ಸರಿಯಾಗಿಯೇ ಹೇಳಿದರು; ಕೈ ಮಾತ್ರ ಹಳೆಯ ದಾರಿ ಹಿಡಿಯಿತು. 4-5 ವರ್ಷದ ಹೊತ್ತಿಗೆ ಈ ತೊಡಕು ಬಹುಮಟ್ಟಿಗೆ ನೀಗುತ್ತದೆ. ಎರಡು ಗುಣಗಳನ್ನು ಏಕಕಾಲಕ್ಕೆ ಗಮನಿಸುವುದು ಇನ್ನೂ ಕಠಿಣ. 7-8ರ ವಯಸ್ಸಿನಲ್ಲಿ ಈ ಸಾಮರ್ಥ್ಯ ಗಟ್ಟಿಯಾಗುತ್ತದೆ ಎಂಬುದು ಜೀನ್ ಪಿಯಾಜೆಯವರ ನಿಲುವಾಗಿತ್ತು.

ಆದ್ದರಿಂದ ಪಾಠ ಹಂತಹಂತವಾಗಿ ಸಾಗಬೇಕು. ಎರಡು ಬಣ್ಣ, ಎರಡು ಗಾತ್ರದ 12 ಪ್ಲಾಸ್ಟಿಕ್ ಬಳೆಗಳು ಸಾಕು, ಗಾಜಿನವು ಬೇಡ. ಮೊದಲು ಬಣ್ಣದಂತೆ ವಿಂಗಡಿಸಲಿ. ಬಳಿಕ ಎಲ್ಲವನ್ನೂ ಬೆರೆಸಿ, ಆಟ ಬದಲಾಯಿತೆಂದು ಸ್ಪಷ್ಟವಾಗಿ ತಿಳಿಸಿ, ಗಾತ್ರದಂತೆ ವಿಂಗಡಿಸಲು ಹೇಳಬೇಕು. ಇದು ಸಲೀಸಾದ ಮೇಲೆ ನೆಲದಲ್ಲಿ ಸೀಮೆಸುಣ್ಣದಿಂದ ನಾಲ್ಕು ಮನೆ ಬರೆಯಬೇಕು. ಮೇಲಿನ ಸಾಲು ಕೆಂಪಿಗೆ, ಕೆಳಗಿನದು ಹಸಿರಿಗೆ. ಎಡಬದಿ ದೊಡ್ಡವಕ್ಕೆ, ಬಲಬದಿ ಚಿಕ್ಕವಕ್ಕೆ. ಪ್ರತಿ ಮನೆಗೂ ಮೂರು ಬಳೆ ಬರುತ್ತವೆ.

ಬಳೆ ಇಟ್ಟಾಗಲೆಲ್ಲ 'ಇದು ಇಲ್ಲಿಗೇ ಏಕೆ?' ಎಂದು ಕೇಳುವುದು ಮುಖ್ಯ. 'ಕೆಂಪು' ಎಂದಷ್ಟೇ ಹೇಳುವ ಮಗು ಇನ್ನೂ ಒಂದೇ ಗುಣವನ್ನು ಹಿಡಿದಿದೆ. 'ಕೆಂಪು, ಚಿಕ್ಕದು' ಎಂದರೆ ಎರಡೂ ಕೂಡಿವೆ ಎಂದರ್ಥ. ತಪ್ಪಿದಾಗ ಬಳೆಯನ್ನು ಕಸಿದು ಸರಿಪಡಿಸುವ ಬದಲು ಸಾಲಿನುದ್ದಕ್ಕೂ ಬೆರಳಾಡಿಸಿ ನೋಡಲು ಹೇಳಿದರೆ ಮಗು ತಾನೇ ತಿದ್ದಿಕೊಳ್ಳಲು ಅವಕಾಶ ಸಿಗುತ್ತದೆ.

ಈ ಆಟದ ಫಲ ಬಳೆಗಳಿಗಷ್ಟೇ ಸೀಮಿತವಲ್ಲ. ಶಾಲೆಯ ಗೋಡೆಯ ಮೇಲಿನ ಕಾಗುಣಿತದ ಪಟ್ಟಿಯೂ ಇಂಥದೇ ಮನೆಗಳ ಜೋಡಣೆ. ಒಂದು ಬದಿ ವ್ಯಂಜನ, ಇನ್ನೊಂದು ಬದಿ ಸ್ವರ. 'ಕ'ಕಾರದ ಸಾಲೂ 'ಇ'ಕಾರದ ಸಾಲೂ ಕೂಡುವಲ್ಲಿ 'ಕಿ' ಇದೆ. ಎರಡು ಸಾಲುಗಳು ಸಂಧಿಸುವ ಬಗೆಯನ್ನು ಆಡುತ್ತ ಅರಿತ ಮಗುವಿಗೆ ಆ ಪಟ್ಟಿ ಬರಿಯ ಬಾಯಿಪಾಠವಾಗಿ ಉಳಿಯಬೇಕಿಲ್ಲ.