ನೆರಳಿನ ತೊರೆಯ ಕೆಂಪು ಮೀನು

ಅಕ್ವೇರಿಯಂ ಅಂಗಡಿಯಲ್ಲಿ ಈ ಪುಟ್ಟ ಕೆಂಪು ಮೀನನ್ನು ನೀವು ನೋಡಿರಬಹುದು. ಹೆಸರು ಚೆರ್ರಿ ಬಾರ್ಬ್. ಇದರ ತವರು ಶ್ರೀಲಂಕಾ. 1929ರಲ್ಲಿ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದವರು ಅಲ್ಲಿನವರೇ ಆದ ಪಿ.ಇ.ಪಿ. ದೆರಣಿಯಗಲ.

ಬನ್ನಿ, ಲಂಕೆಯ ನೈಋತ್ಯಕ್ಕೆ ಹೋಗೋಣ. ಮಳೆ ಜಾಸ್ತಿ ಬೀಳುವ ಸೀಮೆ. ಕೆಲಣಿ, ನಿಲ್ವಲಾದಂಥ ನದಿಗಳಿಗೆ ಸೇರುವ ಸಣ್ಣ ತೊರೆಗಳೇ ಇದರ ಮನೆ. ಮೇಲೆ ಮರಗಳ ದಟ್ಟ ನೆರಳು, ತಳದಲ್ಲಿ ಕೊಳೆತ ತರಗೆಲೆ, ನಡುವೆ ನಿಧಾನವಾಗಿ ಹರಿಯುವ ಆಳವಿಲ್ಲದ ನೀರು. ಆ ಮಬ್ಬಿನಲ್ಲಿ ಬೆದೆಗೆ ಬಂದ ಗಂಡಿನ ಮೈಯೆಲ್ಲ ಕಡುಗೆಂಪು! ಉದ್ದ ಬರೀ ಐದು ಸೆಂಟಿಮೀಟರ್, ಆದರೂ ಕಣ್ಣು ಕೀಳಲಾಗದು. ಹೆಣ್ಣು ತಿಳಿ ಕಂದು. ನೀರಗಿಡಗಳ ನಡುವೆ ಮೊಟ್ಟೆ ಚೆಲ್ಲಿದರೆ ಮುಗಿಯಿತು, ಕಾವಲಿಲ್ಲ. ಸಿಕ್ಕರೆ ತಮ್ಮ ಮೊಟ್ಟೆಯನ್ನೇ ತಿಂದುಬಿಡುತ್ತವೆ.

ಅಂಗಡಿಗೆ ಬರುವವು ಈಗ ಹೆಚ್ಚಾಗಿ ಫಾರ್ಮ್‌ಗಳಲ್ಲಿ ಹುಟ್ಟಿದವು. ಒಳ್ಳೆಯದೇ, ತೊರೆಯ ಮೀನು ತೊರೆಯಲ್ಲೇ ಉಳಿಯುತ್ತದೆ. ಆದರೆ ತೊರೆ ಉಳಿಯಬೇಕಲ್ಲ? ದಡದ ಮರ ಕಡಿದರೆ ನೆರಳೂ ಇಲ್ಲ, ತರಗೆಲೆಯೂ ಇಲ್ಲ. ಮಣ್ಣು ಕೊಚ್ಚಿ ಬಂದು ನೀರು ರಾಡಿಯಾಗುತ್ತದೆ.

ಸಾಕುವ ಆಸೆಯಿದ್ದರೆ ಫಾರ್ಮಿನದೇ ಎಂದು ಕೇಳಿ ಕೊಳ್ಳಿ. ಬೇಡವಾದಾಗ ಮಾತ್ರ ನಮ್ಮ ಕೆರೆ, ಹೊಳೆಗೆ ಬಿಡಬೇಡಿ. ಅಂಗಡಿಗೇ ವಾಪಸ್ ಕೊಡಿ.