‘ನೋಡುವಾ’ ಎನ್ನುತ್ತಾ ಕಳೆದುಕೊಳ್ಳುವುದೇನು?

ಕ್ಯಾನ್ಸರ್ ಎಂದ ಕೂಡಲೇ ನಮಗೆ ನೆನಪಾಗುವುದು ಸಾವು. ಆದರೆ ಚಿಕಿತ್ಸೆ ತಡವಾದರೆ ಹೋಗುವುದು ಆಯುಷ್ಯ ಮಾತ್ರ ಅಲ್ಲ. ಬದುಕಿ ಉಳಿದವರ ಊಟ, ಮಾತು, ನಿದ್ದೆ, ಕೈಯ ಬಲ ಕೂಡಾ ಹೋಗುತ್ತದೆ. ಇದನ್ನು ನಾವು ಮನೆಗಳಲ್ಲಿ ಮಾತನಾಡುವುದು ಕಡಿಮೆ.

ಬಾಯಿಯ ಕ್ಯಾನ್ಸರನ್ನೇ ನೋಡಿ. ಹೊಗೆಸೊಪ್ಪು ಸೇರಿಸಿ ಎಲೆ ಅಡಿಕೆ ತಿನ್ನುವ ಅಭ್ಯಾಸ ನಮ್ಮ ಹಿರಿಯರಲ್ಲಿ ಇನ್ನೂ ಇದೆ. ಯುವಕರ ಕೈಯಲ್ಲಿ ಗುಟ್ಕಾ. ಬಾಯೊಳಗೆ ಬಿಳಿ ಅಥವಾ ಕೆಂಪು ಮಚ್ಚೆ, ವಾಸಿಯಾಗದ ಹುಣ್ಣು ಕಂಡಾಗಲೇ ಹೋದರೆ ಸಣ್ಣ ಆಪರೇಷನ್‌ನಲ್ಲಿ ಮುಗಿಯಬಹುದು. ರೋಗ ದವಡೆಯ ಎಲುಬಿಗೆ ಇಳಿದ ಮೇಲೆ ದವಡೆಯ ಭಾಗವನ್ನೇ ತೆಗೆಯಬೇಕಾಗುತ್ತದೆ. ಮತ್ತೆ ಬಾಯಿ ಸರಿಯಾಗಿ ತೆರೆಯುವುದಿಲ್ಲ, ಮಾತು ಅಸ್ಪಷ್ಟ, ಕೆಲವರಿಗೆ ಟ್ಯೂಬಿನಲ್ಲೇ ಆಹಾರ. ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವ ಮನೆಯಲ್ಲಿ ಅವರೊಬ್ಬರು ಒಳಕೋಣೆ ಸೇರುತ್ತಾರೆ.

ಹೆಂಗಸರ ಕಷ್ಟ ಇನ್ನೊಂದು ರೀತಿಯದು. ಎದೆಯ ಗಡ್ಡೆ ಆರಂಭದಲ್ಲಿ ಹೆಚ್ಚಾಗಿ ನೋಯುವುದಿಲ್ಲ. ನೋವಿಲ್ಲ ಎಂದು ಸುಮ್ಮನಿರುತ್ತಾರೆ. ಗಂಡ ಗಲ್ಫಿನಿಂದ ಬರಲಿ, ಮಗಳ ಮದುವೆ ಮುಗಿಯಲಿ, ಆಮೇಲೆ ನೋಡುವಾ ಎಂಬ ಮಾತು. ಗಡ್ಡೆ ಸಣ್ಣದಿದ್ದರೆ ಅಷ್ಟನ್ನೇ ತೆಗೆದು ಸ್ತನ ಉಳಿಸುವ ಅವಕಾಶ ಹೆಚ್ಚು. ಕಂಕುಳಿಗೆ ಹರಡಿದರೆ ದೊಡ್ಡ ಆಪರೇಷನ್. ನಂತರ ಕೆಲವರಿಗೆ ಕೈ ಊದಿ ಬೀಡಿ ಕಟ್ಟುವುದಕ್ಕೂ, ಮಗುವನ್ನು ಎತ್ತುವುದಕ್ಕೂ ಆಗುವುದಿಲ್ಲ. ಲೇಡಿ ಡಾಕ್ಟರ್ ಸಿಕ್ಕಿದರೆ ಒಳ್ಳೆಯದೇ. ಸಿಗದಿದ್ದರೆ ಚಿಕಿತ್ಸೆಗೆ ಬೇಕಾದಷ್ಟು ಪುರುಷ ವೈದ್ಯರಿಗೆ ತೋರಿಸಲು ದೀನ್ ಅನುಮತಿ ಕೊಟ್ಟಿದೆ.

ಆಪರೇಷನ್ ನಾಲ್ಕು ವಾರ ತಡವಾದರೆ ಸಾವಿನ ಅಪಾಯ ಶೇ. 6ರಿಂದ 8ರಷ್ಟು ಏರುತ್ತದೆ ಎಂದು 2020ರಲ್ಲಿ ಬಿಎಂಜೆ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನ ಹೇಳಿತು. ಒಂದು ತಿಂಗಳು ಎಂದರೆ ನಮಗೆ ಎಷ್ಟು ಸಲೀಸು!

ಚಿಕಿತ್ಸೆಯ ನಡುವೆಯೂ ತಡವಾಗುತ್ತದೆ. ಬಾಯಿ, ಗಂಟಲಿನ ಕ್ಯಾನ್ಸರಿಗೆ ರೇಡಿಯೇಷನ್ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಆರೇಳು ವಾರ. ಪುತ್ತೂರು, ಬೆಳ್ತಂಗಡಿ ಕಡೆಯಿಂದ ದಿನಾ ಮಂಗಳೂರಿಗೆ ಬಸ್ಸಿನಲ್ಲಿ ಬರುವವರು ಸುಸ್ತಾಗಿ ಬಿಟ್ಟುಬಿಡುತ್ತಾರೆ. ನಡುವೆ ಬಿಟ್ಟರೆ ಉಳಿದ ರೋಗ ಪುನಃ ಬೆಳೆಯುತ್ತದೆ. ರಂಝಾನ್ ಬಂತೆಂದು ನಿಲ್ಲಿಸುವವರೂ ಇದ್ದಾರೆ. ರೋಗಿಗೆ ಉಪವಾಸದಿಂದ ರಿಯಾಯಿತಿ ಇದೆ; ಗುಣವಾದ ಮೇಲೆ ಖಝಾ ವೀಟಬಹುದು, ಗುಣವಾಗುವ ನಿರೀಕ್ಷೆ ಇಲ್ಲದವರಿಗೆ ಫಿದ್ಯ ಇದೆ. ತವಕ್ಕುಲ್ ಎಂದರೆ ಮದ್ದು ಬಿಡುವುದಲ್ಲ.

ಎಲ್ಲಾ ತಪ್ಪು ಮನೆಯವರದ್ದಲ್ಲ. ಬಯಾಪ್ಸಿ ರಿಪೋರ್ಟು, ರೆಫರಲ್ ಪತ್ರ, ಆಧಾರ್‌ನಲ್ಲೊಂದು ಹೆಸರು ರೇಷನ್ ಕಾರ್ಡಿನಲ್ಲೊಂದು ಎಂದು ಓಡಾಡುವುದರಲ್ಲೇ ವಾರಗಳು ಹೋಗುತ್ತವೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಈ ಕಾಗದಪತ್ರ ಮಾಡಿಸಿಕೊಡಲು, ರೇಡಿಯೇಷನ್‌ಗೆ ಸರದಿಯಂತೆ ವಾಹನ ಕಳುಹಿಸಲು ಪ್ರತಿ ಜಮಾಅತ್‌ನಲ್ಲೂ ನಾಲ್ಕು ಯುವಕರು ಸಾಕು.

ಎರಡು ವಾರ ದಾಟಿಯೂ ವಾಸಿಯಾಗದ ಬಾಯಿಹುಣ್ಣು, ಎದೆಯಲ್ಲಿ ಕೈಗೆ ಸಿಗುವ ಗಡ್ಡೆ ಇದ್ದರೆ ಈ ವಾರವೇ ಡಾಕ್ಟರಿಗೆ ತೋರಿಸಿ. ಇವತ್ತು ಮನೆಯಲ್ಲಿ ಉಮ್ಮನನ್ನೊಮ್ಮೆ ಕೇಳಿ. ಕೇಳದೆ ಅವರಾಗಿ ಹೇಳುವುದಿಲ್ಲ.