ಟೆಂಪೊದ ಬೆನ್ನಿಗೂ ಕಣ್ಣಿರಲಿ

ಮುಂದಿಟ್ಟ ಹೆಜ್ಜೆ ಹಿಂದಿಡಬಾರದು ಎಂದು ಹಿರಿಯರು ಹೇಳುವುದುಂಟು. ಆದರೆ ನಮ್ಮ ಕೇಟರಿಂಗ್ ವೃತ್ತಿಯಲ್ಲಿ ಹಿಂದಿಡದೆ ಕೆಲಸ ಸಾಗುವುದಿಲ್ಲ. ಹಾಲ್‌ನ ಹೆಬ್ಬಾಗಿಲು ದಿಬ್ಬಣದವರಿಗೆ, ಬ್ಯಾಂಡಿನವರಿಗೆ, ಹೂವಿನ ಅಲಂಕಾರದವರಿಗೆ. ನಮಗೇನಿದ್ದರೂ ಹಿಂಬಾಗಿಲು. ಮಾಟುಂಗಾ ಇರಲಿ, ಚೆಂಬೂರು ಇರಲಿ, ಡೊಂಬಿವಲಿ ಇರಲಿ, ಹೆಚ್ಚಿನ ಕಡೆ ಆ ಹಿಂಬಾಗಿಲಿಗೆ ಹೋಗುವ ದಾರಿ ಒಂದು ಟೆಂಪೊ ನುಸುಳುವಷ್ಟೇ ಅಗಲ. ಒಳಗೆ ತಿರುಗಿಸಲು ಜಾಗವಿಲ್ಲ. ಹೋಗುವಾಗಲೋ ಬರುವಾಗಲೋ, ಒಂದು ಸಲವಂತೂ ರಿವರ್ಸ್ ಹಾಕಲೇಬೇಕು.

ರುಚಿ, ಶುಚಿ, ಲೆಕ್ಕಪತ್ರ, ಲೈಸನ್ಸುಗಳ ಕುರಿತು ಸದಸ್ಯ ಬಾಂಧವರು ಈ ಪುಟಗಳಲ್ಲಿ ಸಾಕಷ್ಟು ಓದಿದ್ದಾರೆ. ಈ ಬಾರಿ ನಾವು ಯಾರೂ ಹೆಚ್ಚು ತಲೆಕೆಡಿಸಿಕೊಳ್ಳದ ಒಂದು ವಿಷಯವನ್ನು ಎತ್ತಿಕೊಂಡಿದ್ದೇವೆ. ನಮ್ಮ ವಾಹನ ಹಿಂದಕ್ಕೆ ಚಲಿಸುವಾಗ ಚಾಲಕನಿಗೆ ಹಿಂದೆ ಏನು ಕಾಣುತ್ತದೆ? ಅದನ್ನು ಕಾಣುವಂತೆ ಮಾಡುವ ಹೊಣೆ ಯಾರದು?

ಹಿಂದೆ ಇರುವವರು ಯಾರು?

ಬೇರೆ ವ್ಯಾಪಾರದವರ ಟೆಂಪೊ ಗೋದಾಮಿನ ಗೋಡೆಯ ಕಡೆಗೆ ಹಿಂದೆ ಸರಿಯುತ್ತದೆ. ನಮ್ಮದು ಅಡುಗೆಮನೆಯ ಕಡೆಗೆ, ಅಂದರೆ ಮನುಷ್ಯರ ಕಡೆಗೆ ಸರಿಯುತ್ತದೆ. ಅಲ್ಲಿ ಪಾತ್ರೆ ತೊಳೆಯುವ ಹೆಂಗಸರು ನಲ್ಲಿಯ ಬಳಿ ಕುಕ್ಕರುಗಾಲಲ್ಲಿ ಕುಳಿತಿರುತ್ತಾರೆ. ತರಕಾರಿ ಹೆಚ್ಚುವವರು ತಗ್ಗಿನ ಮಣೆಯ ಮೇಲೆ ಕುಳಿತಿರುತ್ತಾರೆ. ಕೆಲಸಕ್ಕೆ ಬಂದವರ ಪುಟ್ಟ ಮಕ್ಕಳು ಬಾಳೆ ಎಲೆಯ ತುಂಡು ಹಿಡಿದು ಆಡುತ್ತಿರುತ್ತವೆ. ರಾತ್ರಿಯಿಡೀ ನಿದ್ದೆಗೆಟ್ಟ ಹುಡುಗ ಒಂದು ರಟ್ಟು ಹಾಸಿಕೊಂಡು ನಿಂತ ಟೆಂಪೊದ ನೆರಳಲ್ಲೇ ಮಲಗಿರುತ್ತಾನೆ. ಇವರೆಲ್ಲರ ತಲೆ ವಾಹನದ ಹಿಂದಿನ ಗಾಜಿನ ಕೆಳಗಿನ ಅಂಚಿಗಿಂತ ಕೆಳಗಿರುತ್ತದೆ. ಅಂದಮೇಲೆ ಗಾಜು ಎಷ್ಟೇ ಸ್ವಚ್ಛವಾಗಿರಲಿ, ಹತ್ತಿರ ಇರುವವರು ಚಾಲಕನಿಗೆ ಕಾಣುವುದಿಲ್ಲ. ಮೇಲಿಂದ ನಾದಸ್ವರ, ಬ್ಯಾಂಡು, ಮೈಕಿನ ಸದ್ದು. ರಿವರ್ಸ್ ಹಾರ್ನ್ ಕೂಗಿದರೂ ಯಾರ ಕಿವಿಗೂ ಬೀಳದು.

ಇದು ಟೆಂಪೊಗಳಿಗೆ ಮಾತ್ರ ಸಂಬಂಧಿಸಿದ ಮಾತಲ್ಲ, ಸಣ್ಣ ಆರ್ಡರಿಗೆ ನಾವು ಕೊಂಡೊಯ್ಯುವ ಮನೆಯ ಕಾರಿಗೂ ಅನ್ವಯಿಸುತ್ತದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 2002ರಲ್ಲಿ ಮಕ್ಕಳ ವೈದ್ಯರೊಬ್ಬರು ತಮ್ಮ ಮನೆಯಂಗಳದಲ್ಲಿ ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದಾಗ ಅವರದೇ ಎರಡು ವರ್ಷದ ಮಗು ಅಡಿಗೆ ಸಿಲುಕಿ ತೀರಿಕೊಂಡಿತು. ಆ ಮಗುವಿನ ಹೆಸರಿನಲ್ಲೇ 2008ರಲ್ಲಿ ಅಲ್ಲಿ ಕಾನೂನು ಬಂತು. ಅದರಂತೆ 2018ರ ಮೇ ತಿಂಗಳಿಂದ ಅಲ್ಲಿನ ಪ್ರತಿಯೊಂದು ಹೊಸ ಕಾರಿಗೂ ಹಿಂಬದಿ ಕ್ಯಾಮೆರಾ ಕಡ್ಡಾಯ. ವಾಹನದ ಹಿಂದೆ ಸುಮಾರು 10 ಅಡಿ ಅಗಲ, 20 ಅಡಿ ಉದ್ದದ ಜಾಗ ಅದರಲ್ಲಿ ಕಾಣಬೇಕು. ಹಿಮ್ಮುಖವಾಗಿ ಚಲಿಸುವ ವಾಹನಗಳಿಂದ ಅಲ್ಲಿ ವರ್ಷಕ್ಕೆ ಸುಮಾರು 210 ಮಂದಿ ಸಾಯುತ್ತಾರೆ, ಅವರಲ್ಲಿ ಶೇಕಡಾ 31ರಷ್ಟು ಮಂದಿ ಐದು ವರ್ಷದೊಳಗಿನ ಮಕ್ಕಳು ಎಂದು ಆ ದೇಶದ ರಸ್ತೆ ಸುರಕ್ಷತಾ ಇಲಾಖೆ ಈ ನಿಯಮವನ್ನು ಅಂತಿಮಗೊಳಿಸಿದ 2014ರಲ್ಲಿ ಅಂದಾಜು ಮಾಡಿತ್ತು.

ನಮ್ಮ ದೇಶದಲ್ಲಿಯೂ 2019ರ ಜುಲೈ 1ರಿಂದ ತಯಾರಾಗುವ ಪ್ರಯಾಣಿಕರ ಕಾರುಗಳಿಗೆ ಹಿಂಬದಿ ಪಾರ್ಕಿಂಗ್ ಸೆನ್ಸರ್ ಕಡ್ಡಾಯವಾಗಿದೆ. ಆದರೆ ನಮ್ಮಲ್ಲಿ ಅನೇಕರು ಓಡಿಸುವುದು ಅದಕ್ಕಿಂತ ಹಳೆಯ ವ್ಯಾನು, ಇಲ್ಲವೇ ಸಾಮಾನು ಸಾಗಿಸುವ ಟೆಂಪೊ, ಛೋಟಾ ಹಾಥಿ. ಅವುಗಳಿಗೆ ಕಣ್ಣು ಕೊಡುವ ಕೆಲಸ ಮಾಲೀಕರಾದ ನಮ್ಮದೇ.

ಕನ್ನಡಿ ಇದ್ದರೆ ಸಾಲದು

1911ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಮೊದಲ 500 ಮೈಲಿಯ ಕಾರ್ ರೇಸ್ ನಡೆಯಿತು. ಉಳಿದವರ ಕಾರಿನಲ್ಲಿ ಚಾಲಕನ ಪಕ್ಕ ಒಬ್ಬ ಮೆಕ್ಯಾನಿಕ್ ಕುಳಿತು, ಹಿಂದೆ ಯಾರು ಬರುತ್ತಿದ್ದಾರೆಂದು ನೋಡಿ ಹೇಳುತ್ತಿದ್ದ. ರೇ ಹ್ಯಾರೂನ್ ಎಂಬಾತ ಮಾತ್ರ ಒಬ್ಬನೇ ಕುಳಿತಿದ್ದ. ಆ ಜನರ ಬದಲಿಗೆ ಆತ ಒಂದು ಕನ್ನಡಿ ಸಿಕ್ಕಿಸಿಕೊಂಡಿದ್ದ, ಗೆದ್ದವನೂ ಅವನೇ. ಅಂದರೆ ಕನ್ನಡಿ ಬಂದದ್ದೇ ಒಬ್ಬ ಸಹಾಯಕನ ಜಾಗಕ್ಕೆ. ಆದರೆ ಆ ರೇಸಿನ ಕಾರಿನಲ್ಲಿ ಹಂಡೆ, ಕೊಪ್ಪರಿಗೆ, ಅಕ್ಕಿ ಮೂಟೆ ಇರಲಿಲ್ಲ!

ನಮ್ಮ ವ್ಯಾನಿಗೆ ಸಾಮಾನು ತುಂಬಿದ ಮೇಲೆ ಒಳಗಿನ ಕನ್ನಡಿಯಲ್ಲಿ ಕಾಣುವುದು ಪಾತ್ರೆಯ ತಳ ಮಾತ್ರ. ಆದುದರಿಂದ ನಮ್ಮ ಮಟ್ಟಿಗೆ ನಿಜವಾದ ಕನ್ನಡಿಗಳು ಎರಡು ಬದಿಯವು. ಮುಂಬಯಿಯ ಗಲ್ಲಿಗಳಲ್ಲಿ ರಿಕ್ಷಾ ತಾಗೀತೆಂದು ಎಡಗಡೆಯ ಕನ್ನಡಿಯನ್ನು ಮಡಚಿಯೇ ಇಡುವ ಚಾಲಕರಿದ್ದಾರೆ. ಇನ್ನು ಕೆಲವರ ಕನ್ನಡಿ ಒಡೆದು ವರ್ಷವಾದರೂ ಹೊಸದು ಬಂದಿರುವುದಿಲ್ಲ.

ಕನ್ನಡಿಯನ್ನು ಸರಿಹೊಂದಿಸುವ ಕ್ರಮ ಸುಲಭ. ಚಾಲಕ ತನ್ನ ಸೀಟಿನಲ್ಲಿ ಎಂದಿನಂತೆ ಕುಳಿತು ನೋಡಿದಾಗ ಕನ್ನಡಿಯ ಒಳ ಅಂಚಿನಲ್ಲಿ ತನ್ನ ವಾಹನದ ಬದಿ ಒಂದು ಗೆರೆಯಷ್ಟು ಕಾಣಬೇಕು. ಉಳಿದುದೆಲ್ಲ ರಸ್ತೆ. ಹಿಂದಕ್ಕೆ ತೆಗೆಯುವಾಗ ಮಾತ್ರ ಹಿಂದಿನ ಚಕ್ರ ಕಾಣುವಷ್ಟು ಕೆಳಗೆ ಬಾಗಿಸಿಕೊಂಡರೆ ಚರಂಡಿ, ಮೆಟ್ಟಿಲು ತಿಳಿಯುತ್ತದೆ. ಉಬ್ಬುಗನ್ನಡಿಯಲ್ಲಿ ವಸ್ತು ಚಿಕ್ಕದಾಗಿ, ಇದ್ದುದಕ್ಕಿಂತ ದೂರದಲ್ಲಿರುವಂತೆ ಕಾಣುತ್ತದೆ ಎಂಬುದನ್ನು ಹೊಸ ಚಾಲಕನಿಗೆ ತಿಳಿಸಿಕೊಡಿ. ಬದಿಯ ಕನ್ನಡಿಯ ಮೂಲೆಗೆ ಅಂಟಿಸುವ ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡ ಉಬ್ಬುಗನ್ನಡಿಗಳು ಬಿಡಿಭಾಗಗಳ ಅಂಗಡಿಯಲ್ಲಿ ಸಿಗುತ್ತವೆ. ಬೆಲೆ ಕಡಿಮೆ, ಉಪಕಾರ ದೊಡ್ಡದು.

ಆದರೂ ಒಂದು ಮಾತು ನೆನಪಿರಲಿ. ವಾಹನದ ನೇರ ಹಿಂದಿನ ಜಾಗ ಬದಿಯ ಯಾವ ಕನ್ನಡಿಗೂ ಕಾಣದು.

ಗಾಜು, ವೈಪರ್ ಮತ್ತು ಸಾಂಬಾರಿನ ಹಬೆ

ಮಳೆಗಾಲದಲ್ಲಿ ವ್ಯಾನಿನ ಹಿಂದಿನ ಗಾಜು ಮುಂದಿನದಕ್ಕಿಂತ ಬೇಗ ಕೊಳೆಯಾಗುವುದನ್ನು ಎಲ್ಲರೂ ನೋಡಿದ್ದೇವೆ. ಅದಕ್ಕೆ ಕಾರಣವಿದೆ. ಬೆನ್ನು ಚಪ್ಪಟೆಯಾಗಿರುವ ವಾಹನ ಓಡುವಾಗ ಅದರ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಸುಳಿ ಏಳುತ್ತದೆ. ಚಕ್ರ ಎರಚಿದ ಕೆಸರು ನೀರು ಆ ಸುಳಿಗೆ ಸಿಕ್ಕಿ ಗಾಜಿಗೆ ಬಡಿಯುತ್ತದೆ. ಡಿಕ್ಕಿ ಮುಂಚಾಚಿದ ಕಾರುಗಳಲ್ಲಿ ಇಳಿಜಾರಾದ ಗಾಜಿನ ಮೇಲೆ ಗಾಳಿ ಹರಿಯುವುದರಿಂದ ಈ ತೊಂದರೆ ಕಡಿಮೆ. ಹಿಂದಿನ ವೈಪರ್ ಹೆಚ್ಚಾಗಿ ವ್ಯಾನು, ಹ್ಯಾಚ್‌ಬ್ಯಾಕ್, ಜೀಪಿನಂಥ ವಾಹನಗಳಿಗೇ ಇರುವುದು ಇದರಿಂದಾಗಿ.

ಶ್ರಾವಣದ ಪೂಜೆಗಳು, ಗೌರಿ ಗಣೇಶ ಹಬ್ಬದ ಆರ್ಡರುಗಳು ಬರುವುದು ಮಳೆಯಲ್ಲೇ. ಆದುದರಿಂದ ಜೂನ್ ಮೊದಲು ವೈಪರ್ ರಬ್ಬರ್ ನೋಡಿಸಿ, ಗಟ್ಟಿಯಾಗಿದ್ದರೆ ಬದಲಿಸಿ. ಒಣ ಧೂಳಿನ ಮೇಲೆ ವೈಪರ್ ಓಡಿಸಿದರೆ ಗಾಜಿಗೆ ಗೀರು ಬೀಳುತ್ತದೆ. ನಮ್ಮ ವಾಹನಗಳ ಗಾಜಿಗೆ ಒಗ್ಗರಣೆ ಎಣ್ಣೆಯ ಜಿಡ್ಡೂ ಅಂಟಿರುತ್ತದೆ, ಅದರ ಮೇಲೆ ವೈಪರ್ ಎಳೆದರೆ ಮಬ್ಬು ಹೆಚ್ಚಾಗುವುದೇ ಹೊರತು ಹೋಗುವುದಿಲ್ಲ. ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಒರೆಸಿ, ತಣ್ಣೀರು ಹಾಕಿ. ವೈಪರ್ ಇಲ್ಲದ ವಾಹನದಲ್ಲಿ ಒಂದು ಒಣ ಬಟ್ಟೆ ಸದಾ ಇರಲಿ, ಹಿಂದಕ್ಕೆ ತೆಗೆಯುವ ಮುನ್ನ ಇಳಿದು ಒರೆಸಲಿ.

ಇನ್ನೊಂದು ತೊಂದರೆ ನಮ್ಮ ವೃತ್ತಿಗೇ ವಿಶೇಷವಾದದ್ದು. ಬಿಸಿ ಅನ್ನ, ಸಾಂಬಾರಿನ ಹಬೆ ಒಳಗೆ ತುಂಬಿ ತಣ್ಣನೆಯ ಗಾಜಿಗೆ ಒಳಗಿನಿಂದ ಮಂಜು ಕಟ್ಟುತ್ತದೆ. ಹೊರಗೆ ವೈಪರ್ ಎಷ್ಟು ಆಡಿಸಿದರೂ ಇದು ಹೋಗದು. ಪಾತ್ರೆಗಳ ಮುಚ್ಚಳ ಬಿಗಿಯಾಗಿರಬೇಕು, ಎಸಿ ಇದ್ದರೆ ಹಾಕಬೇಕು, ಇಲ್ಲದಿದ್ದರೆ ಎರಡು ಬದಿಯ ಕಿಟಕಿ ತುಸು ಇಳಿಸಬೇಕು. ಕೆಲವು ವಾಹನಗಳ ಹಿಂದಿನ ಗಾಜಿನಲ್ಲಿ ತೆಳ್ಳನೆಯ ಅಡ್ಡಗೆರೆಗಳಿರುತ್ತವೆ. ಅವು ಗಾಜನ್ನು ಬಿಸಿ ಮಾಡಿ ಮಂಜು ಕರಗಿಸುವ ತಂತಿಗಳು. ಜಾರ, ಸೌಟು, ಪಾತ್ರೆಯ ಅಂಚು ತಾಗಿ ಒಂದು ಗೆರೆ ತುಂಡಾದರೂ ಆ ಸಾಲು ಕೆಲಸ ಮಾಡುವುದಿಲ್ಲ. ಗಾಜಿಗೆ ತಾಗುವಂತೆ ಸಾಮಾನು ಜೋಡಿಸಬೇಡಿ.

ದೇವರ ಹೆಸರು, ಸಂಸ್ಥೆಯ ಹೆಸರು, ಫೋನ್ ನಂಬರ್ ಎಲ್ಲವನ್ನೂ ಹಿಂದಿನ ಗಾಜಿನ ಮೇಲೇ ಬರೆಸುವ ಅಭ್ಯಾಸ ನಮ್ಮಲ್ಲಿದೆ. ಹೆಸರು ಬೇಕು, ಪ್ರಚಾರವೂ ಬೇಕು. ಆದರೆ ಅದಕ್ಕೆ ಗಾಜಿನ ಕೆಳಗಿನ ತಗಡು ಇದೆ, ಎರಡು ಬದಿಗಳಿವೆ. ಹಿಂದಿನ ಗಾಜಿನಲ್ಲಿ ಕನಿಷ್ಠ ಶೇಕಡಾ 70ರಷ್ಟು ಬೆಳಕು ಹಾಯಬೇಕೆಂಬುದು ನಿಯಮ. ಕಪ್ಪು ಫಿಲ್ಮ್ ಅಂಟಿಸುವುದರ ವಿರುದ್ಧ ಸುಪ್ರೀಂ ಕೋರ್ಟ್ 2012ರ ಏಪ್ರಿಲ್‌ನಲ್ಲಿ ಆದೇಶ ನೀಡಿದ್ದು ಬಹುಮಂದಿಗೆ ನೆನಪಿರಬಹುದು.

ಕ್ಯಾಮೆರಾ, ಸೆನ್ಸರ್: ಎಷ್ಟು ನಂಬಬೇಕು?

ಹಳೆಯ ವಾಹನಕ್ಕೂ ಕ್ಯಾಮೆರಾ ಕೂರಿಸಬಹುದು. ಖರ್ಚು ಕೆಲವೇ ಸಾವಿರ ರೂಪಾಯಿ. ನೇರ ಹಿಂದಿನ ಜಾಗವನ್ನು ತೋರಿಸುವ ಯಂತ್ರ ಇದೊಂದೇ ಆದುದರಿಂದ ಈ ಖರ್ಚಿಗೆ ಹಿಂಜರಿಯಬಾರದು ಎಂಬುದು ನಮ್ಮ ಅಭಿಪ್ರಾಯ. ಆದರೆ ಅದರ ಕಣ್ಣಿಗೆ ಕೆಸರು ಮೆತ್ತಿದರೆ ಅದೂ ಕುರುಡು, ದಿನವೂ ಒದ್ದೆ ಬಟ್ಟೆಯಿಂದ ಒರೆಸಬೇಕು. ಉದ್ದನೆಯ ಮೇಜು, ಏಣಿ ಹೇರಿದಾಗ ಹಿಂಬಾಗಿಲನ್ನು ಮೇಲಕ್ಕೆತ್ತಿ ಹಗ್ಗದಿಂದ ಕಟ್ಟುತ್ತೇವೆ. ಕ್ಯಾಮೆರಾ ಆ ಬಾಗಿಲಿನಲ್ಲಿದ್ದರೆ ಪರದೆಯಲ್ಲಿ ನೆಲ ಕಾಣುವುದಿಲ್ಲ, ಆಕಾಶ ಕಾಣುತ್ತದೆ!

ಸೆನ್ಸರ್ ಕೆಲಸ ಮಾಡುವುದು ನಮ್ಮ ಕಿವಿಗೆ ಕೇಳದ ಶಬ್ದದ ಅಲೆಯಿಂದ. ಅಲೆ ತಾಗಿ ಹಿಂದಿರುಗಿದರೆ ಬೀಪ್ ಎನ್ನುತ್ತದೆ. ಗೋಡೆಯನ್ನು ಚೆನ್ನಾಗಿ ಹಿಡಿಯುತ್ತದೆ. ತೆಳುವಾದ ಕಂಬ, ಬಂಪರಿಗಿಂತ ತಗ್ಗಿನಲ್ಲಿರುವ ವಸ್ತು, ಬಟ್ಟೆ ಹೊದ್ದು ಮಲಗಿದವರನ್ನು ಹಿಡಿಯದೇ ಹೋಗಬಹುದು. ಬೀಪ್ ಬರಲಿಲ್ಲವೆಂದರೆ ಹಿಂದೆ ಯಾರೂ ಇಲ್ಲ ಎಂದು ಅರ್ಥವಲ್ಲ. ಇದನ್ನು ಚಾಲಕನಿಗೆ ಸ್ಪಷ್ಟವಾಗಿ ಹೇಳಬೇಕು.

‘ಆನೇ ದೋ’ ಎನ್ನುವವ ಎಲ್ಲಿ ನಿಲ್ಲಬೇಕು?

ಕೊನೆಗೂ ನಮಗೆ ಒಬ್ಬ ಮನುಷ್ಯ ಬೇಕು. ಈಗಲೂ ಇದ್ದಾನೆ. ಆದರೆ ಅವನು ಟೆಂಪೊದ ನೇರ ಹಿಂದೆ ನಿಂತು, ತಗಡು ಬಡಿಯುತ್ತಾ ‘ಆನೇ ದೋ, ಆನೇ ದೋ’ ಎನ್ನುತ್ತಿರುತ್ತಾನೆ. ಚಾಲಕನಿಗೆ ಅವನು ಕಾಣುವುದಿಲ್ಲ, ಗದ್ದಲದಲ್ಲಿ ‘ಬಸ್’ ಎಂದದ್ದು ಕೇಳುವುದೂ ಇಲ್ಲ. ಕಾಲು ಜಾರಿದರೆ ಮೊದಲ ಬಲಿ ಅವನೇ.

ಸದಸ್ಯರು ತಮ್ಮ ವಾಹನಗಳಿಗೆ ಈ ಕ್ರಮವನ್ನು ಹಾಕಿಕೊಳ್ಳಬೇಕೆಂದು ನಾವು ಕೋರುತ್ತೇವೆ:

1. ಚಾಲಕ ಮೊದಲು ಇಳಿದು ವಾಹನದ ಹಿಂದೆ ಒಂದು ಸುತ್ತು ನೋಡಿ ಬರಲಿ. ನಿಂತ ವಾಹನದ ನೆರಳಲ್ಲಿ ಯಾರೂ ಮಲಗಬಾರದೆಂದು ಕಟ್ಟುನಿಟ್ಟಾಗಿ ಹೇಳಿ, ಮಲಗಲು ಬೇರೆ ಜಾಗ ತೋರಿಸಿ.

2. ಸನ್ನೆ ಮಾಡುವವ ಒಬ್ಬನೇ ಇರಲಿ. ನಾಲ್ಕು ಜನ ನಾಲ್ಕು ಮಾತು ಹೇಳುವುದು ಬೇಡ.

3. ಅವನು ಹಿಂದೆ, ಚಾಲಕನ ಬದಿಗೆ, ವಾಹನದ ದಾರಿಯಿಂದ ಹೊರಗೆ ನಿಲ್ಲಲಿ. ಅವನ ಮುಖ ಬಲಗಡೆಯ ಕನ್ನಡಿಯಲ್ಲಿ ಕಾಣಬೇಕು. ಕನ್ನಡಿಯಲ್ಲಿ ಅವನು ಮರೆಯಾದ ಕ್ಷಣವೇ ವಾಹನ ನಿಲ್ಲಬೇಕು.

4. ಕೂಗಿಗಿಂತ ಕೈಸನ್ನೆ ಲೇಸು. ರಾತ್ರಿ ಟಾರ್ಚ್ ಇರಲಿ. ಕೈಯಲ್ಲಿ ಮೊಬೈಲ್ ಬೇಡ.

5. ಚಾಲಕ ಕಿಟಕಿ ಇಳಿಸಿ, ಹಾಡು ನಿಲ್ಲಿಸಿ, ನಡೆಯುವ ವೇಗಕ್ಕಿಂತ ನಿಧಾನವಾಗಿ ತೆಗೆಯಲಿ. ರಿವರ್ಸ್ ದೀಪ ಉರಿಯುತ್ತದೆಯೇ ಎಂದು ವಾರಕ್ಕೊಮ್ಮೆ ನೋಡಲಿ.

ಒಂದು ಚಿಕ್ಕ ಪರೀಕ್ಷೆಯನ್ನೂ ಮಾಡಿ ನೋಡಿ. ಸಾಮಾನು ತುಂಬಿದ ವಾಹನದ ಹಿಂದೆ 20 ಲೀಟರಿನ ಎರಡು ಖಾಲಿ ನೀರಿನ ಕ್ಯಾನುಗಳನ್ನು ಒಂದರ ಮೇಲೊಂದು ಇಡಿ. ಹೆಚ್ಚುಕಡಿಮೆ ನೆಲದಲ್ಲಿ ಕುಳಿತ ಮನುಷ್ಯನ ಎತ್ತರ. ಮಾಲೀಕರು ತಾವೇ ಚಾಲಕನ ಸೀಟಿನಲ್ಲಿ ಕುಳಿತು, ಕ್ಯಾನುಗಳನ್ನು ಸ್ವಲ್ಪ ಸ್ವಲ್ಪವಾಗಿ ಹಿಂದಕ್ಕೆ ಸರಿಸಲು ಹೇಳಿ. ಎಷ್ಟು ಅಡಿ ದೂರ ಹೋದ ಮೇಲೆ ಕಣ್ಣಿಗೆ ಬೀಳುತ್ತವೆ ಎಂದು ಎಣಿಸಿ. ಆ ಎಣಿಕೆ ಯಾವ ಭಾಷಣಕ್ಕಿಂತಲೂ ಹೆಚ್ಚು ಹೇಳುತ್ತದೆ.

ಹೊಣೆ ಚಾಲಕನೊಬ್ಬನದಲ್ಲ

ಯಾರಿಗೂ ಅಪಾಯವಿಲ್ಲವೆಂದು ಖಚಿತಪಡಿಸಿಕೊಳ್ಳದೆ ಹಿಂದಕ್ಕೆ ಚಲಿಸಬಾರದೆಂಬುದು ಚಾಲನಾ ನಿಯಮವೇ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಮೊದಲು ಗರಿಷ್ಠ ಎರಡು ವರ್ಷವಿದ್ದ ಶಿಕ್ಷೆ, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಐದು ವರ್ಷದವರೆಗೆ ಏರಿದೆ. ಜೈಲಿಗೆ ಹೋಗುವವನು ಚಾಲಕನಿರಬಹುದು. ಆದರೆ ಒಡೆದ ಕನ್ನಡಿಯನ್ನು ಬದಲಿಸದವರು, ‘ಬೇಗ ಇಳಿಸು, ಮುಹೂರ್ತಕ್ಕೆ ತಡವಾಯಿತು’ ಎಂದು ಅವಸರ ಮಾಡಿದವರು ಯಾರು?

ನಮ್ಮಲ್ಲಿ ದುಡಿಯುವ ಹುಡುಗರು ಕೆಲವರು ಕುಂದಾಪುರ, ಬೈಂದೂರು, ಕಾರ್ಕಳದ ಕಡೆಯವರು, ಇನ್ನು ಕೆಲವರು ಬಿಹಾರ, ಒಡಿಶಾ, ನೇಪಾಳದವರು. ಎಲ್ಲರಿಗೂ ಊರಿನಲ್ಲಿ ದಾರಿ ಕಾಯುವವರಿದ್ದಾರೆ. ನಾವು ಮುಂಬಯಿಗೆ ಬಂದಾಗಲೂ ಯಾರೋ ಒಬ್ಬ ಯಜಮಾನರನ್ನು ನಂಬಿಯೇ ನಮ್ಮ ಮನೆಯವರು ಕಳುಹಿಸಿದ್ದರು. ಸಾವಿರ ಜನರಿಗೆ ಉಣಬಡಿಸಿ ಹೊಗಳಿಸಿಕೊಂಡ ದಿನ, ಹಿಂಬಾಗಿಲಲ್ಲಿ ಒಬ್ಬನಿಗೆ ಪೆಟ್ಟಾದರೆ ಆ ಊಟದ ಪುಣ್ಯವೆಲ್ಲ ನೀರಲ್ಲಿ ಹೋಮ ಮಾಡಿದಂತೆ.

ಮುಂದಿನ ಆರ್ಡರಿಗೆ ಸಾಮಾನು ಹೇರುವ ಮುನ್ನ ಪ್ರತಿಯೊಬ್ಬ ಸದಸ್ಯರೂ ತಮ್ಮ ವಾಹನದ ಹಿಂದಕ್ಕೆ ಹೋಗಿ ನಿಂತು ಎರಡು ನಿಮಿಷ ನೋಡಲಿ: ಗಾಜು, ವೈಪರ್, ದೀಪ, ಎರಡು ಕನ್ನಡಿ. ಕೊರತೆ ಕಂಡರೆ ಅಂದೇ ಗ್ಯಾರೇಜಿಗೆ ಕಳುಹಿಸಲಿ. ನಿಮ್ಮ ಚಾಲಕರಿಗೂ ಕೆಲಸದವರಿಗೂ ಈ ಲೇಖನವನ್ನು ಅವರ ಭಾಷೆಯಲ್ಲಿ ಓದಿ ಹೇಳಿದರೆ ನಮ್ಮ ಶ್ರಮ ಸಾರ್ಥಕ.